ಕಾಫಿ ಪೂಲ್ ಕಂಡವರಿಗೆ ಗೂಗಲ್ ಹೊಸದಲ್ಲ

ಕೊಡಗಿನಲ್ಲಿ ಅರವತ್ತು ದಾಟಿದ ಯಾವ ಬೆಳೆಗಾರರ ಹತ್ತಿರವಾದರೂ ‘ಪೂಲ್’ ಅಂತ ಒಂದು ಮಾತು ಹೇಳಿ ನೋಡಿ. ಆಮೇಲೆ ಅರ್ಧ ಗಂಟೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ನಮ್ಮ ಮಾವನವರಂತೂ ಕಾಫಿ ಬೋರ್ಡಿನ ಹೆಸರು ಬಂದರೆ ಓದುತ್ತಿದ್ದ ಪೇಪರ್ ಮಡಚಿ ಪಕ್ಕಕ್ಕಿಡುತ್ತಾರೆ.

ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 1942ರ ಕಾಫಿ ಕಾಯ್ದೆ ಇದ್ದ ಕಾಲದಲ್ಲಿ ಬೆಳೆಗಾರ ತನ್ನ ಕಾಫಿಯನ್ನು ತನಗೆ ಬೇಕಾದವರಿಗೆ ಮಾರುವಂತಿರಲಿಲ್ಲ. ಮನೆ ಖರ್ಚಿಗೆ, ಬೀಜಕ್ಕೆ ಒಂದಿಷ್ಟು ಇಟ್ಟುಕೊಂಡು ಉಳಿದಿದ್ದನ್ನೆಲ್ಲ ಬೋರ್ಡಿನ ಪೂಲ್‌ಗೆ ಹಾಕಬೇಕಿತ್ತು. ಎಲ್ಲರ ಕಾಫಿಯೂ ಒಂದೇ ಲೆಕ್ಕಕ್ಕೆ. ಬೋರ್ಡ್ ಅದನ್ನು ಹರಾಜು ಹಾಕುತ್ತಿತ್ತು. ದರ್ಜೆ ನೋಡಿ ಪಾಯಿಂಟ್ ಕೊಡುತ್ತಿತ್ತು. ದುಡ್ಡು ಕಂತಿನಲ್ಲಿ ಬರುತ್ತಿತ್ತು. ಕೊನೆಯ ಕಂತು ಕೈಗೆ ಸಿಗುವಷ್ಟರಲ್ಲಿ ಮುಂದಿನ ಕೊಯ್ಲು ಮುಗಿದಿರುತ್ತಿತ್ತು. “ಮದುವೆಗೆ ಅಂತ ನಂಬಿಕೊಂಡಿದ್ದ ಕಂತು ಬಾಣಂತನಕ್ಕೆ ಬಂತು” ಅನ್ನುವುದು ಮಾವನವರ ಹಳೆಯ ಜೋಕು. ಎಷ್ಟು ಸಲ ಹೇಳಿದರೂ ಅವರೇ ಮೊದಲು ನಗುತ್ತಾರೆ.

ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಅಂತ ಗೊತ್ತುಮಾಡುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989ರಲ್ಲಿ ಬಿದ್ದುಹೋಯಿತು. ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೂ ಎರಡು ವರ್ಷದಲ್ಲಿ ಇಲ್ಲವಾಯಿತು. 1992ರಿಂದ ಹಂತ ಹಂತವಾಗಿ ಸಡಿಲ ಮಾಡುತ್ತಾ ಬಂದು 1996ಕ್ಕೆ ಪೂಲ್ ಪೂರ್ತಿ ಮುಗಿಯಿತು. ಈಗ ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಯನ್ನು ಗೋಣಿಕೊಪ್ಪಕ್ಕೆ ಒಯ್ಯುತ್ತೀರೋ, ಕುಶಾಲನಗರಕ್ಕೋ, ಅದು ನಿಮಗೆ ಬಿಟ್ಟಿದ್ದು. ಒಬ್ಬ ವ್ಯಾಪಾರಿಯ ರೇಟು ಸರಿ ಬರಲಿಲ್ಲ ಅಂದರೆ ಪಕ್ಕದ ಅಂಗಡಿ ಇದೆ. ಹಾಗಂತ ಸ್ವರ್ಗವೇನೂ ಬರಲಿಲ್ಲ. 2000 ದಾಟಿದ ಮೇಲೆ ಬೆಲೆ ನೆಲ ಕಚ್ಚಿದಾಗ ಪೂಲ್ ಇದ್ದಿದ್ದರೇ ಚೆನ್ನಾಗಿತ್ತು ಅಂದವರೂ ಇದ್ದಾರೆ.

ಈ ಹಳೆಯ ಕತೆಯನ್ನು ಈಗ ಯಾಕೆ ತೆಗೆದೆ ಅಂದರೆ, ಒಂದೇ ಬಾಗಿಲಿನ ಮೂಲಕ ಮಾರಬೇಕಾದ ಪರಿಸ್ಥಿತಿ ಕೊಡಗಿಗೆ ಎರಡನೇ ಸಲ ಬಂದಿದೆ ಅಂತ ನನಗೆ ಅನ್ನಿಸುತ್ತಿದೆ. ಈ ಸಲದ ಬಾಗಿಲು ಗೂಗಲ್, ವಾಟ್ಸಾಪ್, ಬುಕಿಂಗ್ ಆ್ಯಪ್‌ಗಳಂಥ ಕಂಪನಿಗಳದ್ದು. ಕಾಯ್ದೆ ಮಾಡಿ ಯಾರೂ ಕಟ್ಟಿಹಾಕಿಲ್ಲ. ನಾವೇ ಒಂದೊಂದಾಗಿ ‘ಐ ಅಗ್ರೀ’ ಒತ್ತಿ ಒಳಗೆ ಹೋದೆವು.

ನಾಪೋಕ್ಲು ಕಡೆ ನಮ್ಮದು ಸಣ್ಣ ತೋಟ. ರೊಬಸ್ಟಾ, ನಡುವೆ ಸಿಲ್ವರ್ ಮರಕ್ಕೆ ಹಬ್ಬಿದ ಕರಿಮೆಣಸು. ಮನೆಯ ಪಕ್ಕದಲ್ಲಿ ಎರಡು ರೂಮಿನ ಹೋಮ್‌ಸ್ಟೇ ಇದೆ, ಅದು ನನ್ನ ಉಸ್ತುವಾರಿ. ಅತಿಥಿಗಳು ಬರುವುದು ಫೋನಿನ ಒಳಗಿಂದ. ರಸ್ತೆ ಬದಿಯ ಬೋರ್ಡ್ ನೋಡಿ ಬಂದವರು ನನಗೆ ನೆನಪಿಲ್ಲ. ಗೂಗಲ್ ಮ್ಯಾಪ್ ತೋರಿಸಿದರೆ ನಾವಿದ್ದೇವೆ, ಇಲ್ಲದಿದ್ದರೆ ಇಲ್ಲ. ಇದನ್ನು ದೂರು ಅಂತ ಹೇಳುತ್ತಿಲ್ಲ. ಮ್ಯಾಪ್ ಬರುವ ಮೊದಲು ನಮ್ಮಂಥ ಒಳಗಿನ ಊರಿಗೆ ಬೆಂಗಳೂರಿನ ಸಂಸಾರವೊಂದು ಕತ್ತಲಾದ ಮೇಲೆ ತಾನಾಗಿ ದಾರಿ ಹುಡುಕಿಕೊಂಡು ಬರುವುದು ಆಗದ ಮಾತಾಗಿತ್ತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಯಾರು ಎಲ್ಲಿದ್ದಾರೆ, ಯಾವ ಕೇಂದ್ರದಲ್ಲಿ ಏನು ಬೇಕು ಅನ್ನುವುದು ಗೊತ್ತಾಗಿದ್ದು ವಾಟ್ಸಾಪ್‌ನಿಂದ, ಫೇಸ್‌ಬುಕ್‌ನಿಂದ. ಅದೇ ವಾಟ್ಸಾಪ್‌ನಲ್ಲಿ ಸುಳ್ಳು ಸುದ್ದಿಯೂ ಹರಿಯಿತು ಅನ್ನಿ. ಆದರೂ ಈ ಕಂಪನಿಗಳು ನಮಗೇನೂ ಕೊಟ್ಟಿಲ್ಲ ಅಂತ ಹೇಳಿದರೆ ನನ್ನ ನಾಲಿಗೆ ಒಪ್ಪುವುದಿಲ್ಲ.

ನನ್ನ ತಕರಾರು ಬೇರೆ. ಅದನ್ನು ಹೇಳುವುದಕ್ಕೆ ಒಂದು ಘಟನೆ ಹೇಳಬೇಕು.

ನಮ್ಮ ರೂಮುಗಳನ್ನು ಹಾಕಿರುವ ಒಂದು ಬುಕಿಂಗ್ ಆ್ಯಪ್ ಇದೆ. ಹೆಸರು ಬೇಡ. ಒಂದು ವರ್ಷ ಜೂನ್‌ನಲ್ಲಿ ಅದು ಮಳೆಗಾಲದ ರಿಯಾಯಿತಿ ಮಾರಾಟ ಶುರು ಮಾಡಿತು. ನಮ್ಮನ್ನು ಕೇಳದೆಯೇ ಅದಕ್ಕೆ ಸೇರಿಸಿಕೊಂಡಿತ್ತು. ರಿಯಾಯಿತಿ ಅವರ ಹೆಸರಿನಲ್ಲಿ, ದುಡ್ಡು ನಮ್ಮ ಪಾಲಿನಿಂದ. ಕಮಿಷನ್ ಹೇಗೂ ಇದ್ದೇ ಇದೆ, ಅದರ ಮೇಲೆ ಇದು. ಬೇಡ ಅಂದರೆ ಹೊರಗೆ ಬರಲು ಎಲ್ಲೋ ಮೂಲೆಯಲ್ಲಿ ಒಂದು ಬಟನ್ ಇತ್ತು. ಹುಡುಕಿ ಒತ್ತಿದೆ. ಮಾರನೆಯ ವಾರ ನಮ್ಮ ಊರಿನ ಹೆಸರು ಹಾಕಿ ಹುಡುಕಿದರೆ, ಅಲ್ಲಿಯವರೆಗೆ ಮೇಲೆಯೇ ಕಾಣುತ್ತಿದ್ದ ನಮ್ಮ ಮನೆ ತುಂಬಾ ಕೆಳಗೆ, ಬೆರಳು ನೋಯುವಷ್ಟು ಕೆಳಗೆ. ಎರಡಕ್ಕೂ ಸಂಬಂಧ ಇದೆಯಾ? ಇರಬಹುದು, ಇಲ್ಲದಿರಬಹುದು. ಕೇಳೋಣ ಅಂದರೆ ಚಾಟ್‌ನಲ್ಲಿ ಒಂದು ಯಂತ್ರ ಉತ್ತರ ಕೊಡುತ್ತದೆ. “ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತೇ?” ಅಂತ ಕೇಳುತ್ತದೆ. ಇಲ್ಲ ಅಂತ ಒತ್ತಿದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ.

ಮಾವನವರು ಇದನ್ನೆಲ್ಲ ಕೇಳಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ. “ಅವರ ಆಫೀಸ್ ಎಲ್ಲಿದೆ ಹೇಳಮ್ಮ. ಹೋಗಿ ಕೂತ್ಕೊಳ್ಳೋಣ.”

ಅವರು ತಮಾಷೆಗೆ ಹೇಳಿದ್ದಲ್ಲ. ಕಂತು ತಡವಾದಾಗ ಬೋರ್ಡಿನ ಆಫೀಸಿಗೆ ಹೋಗಿ ಕೂತವರು ಅವರು. ಬೆಳೆಗಾರರ ಸಂಘ ಇತ್ತು, ಮನವಿ ಕೊಡುತ್ತಿದ್ದರು. ಬೋರ್ಡಿನಲ್ಲಿ ಬೆಳೆಗಾರರ ಪ್ರತಿನಿಧಿಗಳು ಇರುತ್ತಿದ್ದರು, ಸಂಸದರು ಇರುತ್ತಿದ್ದರು. ಉತ್ತರ ಸಿಗುತ್ತಿತ್ತು ಅಂತಲ್ಲ. ಬಹಳ ಸಲ ಸಿಗುತ್ತಿರಲಿಲ್ಲ. ಆದರೆ ಬೈಯುವುದಕ್ಕೆ ಎದುರಿಗೆ ಒಬ್ಬ ಮನುಷ್ಯ, ಅವನ ಹಿಂದೆ ಒಂದು ಕಾಯ್ದೆ, ಆ ಕಾಯ್ದೆಯನ್ನು ಬದಲಾಯಿಸಬಲ್ಲ ಪಾರ್ಲಿಮೆಂಟ್ ಇತ್ತು. ಬದಲಾಯಿಸಿದರು ಕೂಡ. ಪೂಲ್ ಮುಗಿದಿದ್ದೇ ಹಾಗೆ. ಹೊಸ ಬಾಗಿಲಿನಲ್ಲಿ ಕಾವಲುಗಾರನೂ ಇಲ್ಲ, ಕಾಲಿಂಗ್ ಬೆಲ್ಲೂ ಇಲ್ಲ. ಕಂಪನಿ ದೊಡ್ಡದಾಗಿರುವುದು ನನಗೆ ತೊಂದರೆ ಅನ್ನಿಸುವುದಿಲ್ಲ. ಬಾಗಿಲು ಕಾಯುವವನು, ತಕ್ಕಡಿ ಹಿಡಿಯುವವನು, ಒಳಗೆ ಅಂಗಡಿ ಇಟ್ಟವನು ಮೂವರೂ ಒಬ್ಬನೇ ಆಗಿ, ಅವನನ್ನು ಕೇಳುವವರು ಯಾರೂ ಇಲ್ಲದಿರುವುದು ತೊಂದರೆ.

ಹೋಟೆಲು, ರೂಮುಗಳ ವಿಷಯದಲ್ಲಿ ನಮ್ಮ ದೇಶದಲ್ಲಿ ಇದು ಕೇಸೂ ಆಗಿದೆ. 2022ರ ಅಕ್ಟೋಬರ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೋ ಮೇಲೆ 223.48 ಕೋಟಿ ರೂಪಾಯಿ, ಓಯೋ ಮೇಲೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಆಯೋಗ ಎತ್ತಿ ಹೇಳಿದ್ದರಲ್ಲಿ ಒಂದು ಷರತ್ತು ನನಗೆ ಚೆನ್ನಾಗಿ ಅರ್ಥವಾಯಿತು. ತಮ್ಮ ಆ್ಯಪ್‌ನಲ್ಲಿ ಇರುವುದಕ್ಕಿಂತ ಕಡಿಮೆ ಬೆಲೆಗೆ ಹೋಟೆಲಿನವರು ಬೇರೆ ಕಡೆ ರೂಮು ಕೊಡಬಾರದು ಅನ್ನುವ ಷರತ್ತು ಅದು. ಅಂದರೆ ಕಮಿಷನ್ ಕೊಡದೆ ನೇರವಾಗಿ ಬಂದ ಗಿರಾಕಿಗೆ ನೀವು ನಾಲ್ಕು ಕಾಸು ಕಡಿಮೆ ಮಾಡುವ ಹಾಗಿಲ್ಲ. ಪೂಲ್ ಕಾಲದಲ್ಲಿ ಕದ್ದು ಕಾಫಿ ಮಾರಿದರೆ ಕೇಸ್ ಹಾಕುತ್ತಿದ್ದರು. ಇಲ್ಲಿ ಕೇಸ್ ಬೇಡ, ಪಟ್ಟಿಯಲ್ಲಿ ಕೆಳಗೆ ತಳ್ಳಿದರೆ ಸಾಕು.

ತಕ್ಕಡಿಯ ವಿಷಯಕ್ಕೆ ಬರುತ್ತೇನೆ. ಅದು ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವ ವಿಷಯ.

ಚೆರಿ ಮಾರುವವರಿಗೆ ಔಟ್‌ಟರ್ನ್ ಗೊತ್ತು. ಐವತ್ತು ಕೆ.ಜಿ. ಮೂಟೆಯಿಂದ ಎಷ್ಟು ಕೆ.ಜಿ. ಬೇಳೆ ಬರುತ್ತದೆ ಅನ್ನುವುದರ ಮೇಲೆ ಬೆಲೆ. ವ್ಯಾಪಾರಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಕ ಹಾಕಿ ನೋಡುತ್ತಾನೆ. ಅದರಲ್ಲೂ ಕೈಚಳಕ ತೋರಿಸುವವರು ಇದ್ದಾರೆ, ಇಲ್ಲ ಅಂತಲ್ಲ. ಆದರೆ ಅದು ನಿಮ್ಮ ಕಣ್ಣೆದುರು ನಡೆಯುತ್ತದೆ. ಅನುಮಾನ ಬಂದರೆ ಇನ್ನೊಂದು ಸ್ಯಾಂಪಲ್ ತೆಗೆಯಿರಿ ಅನ್ನಬಹುದು. ಮೂಟೆ ಎತ್ತಿ ಪಿಕಪ್‌ಗೆ ಹಾಕಿಕೊಂಡು ಹೊರಡಬಹುದು.

ಆನ್‌ಲೈನ್ ಜಾಹೀರಾತು ಕೂಡ ಹರಾಜೇ. ‘ಕೂರ್ಗ್ ಹೋಮ್‌ಸ್ಟೇ’ ಅಂತ ಯಾರಾದರೂ ಹುಡುಕಿದ ಆ ಒಂದು ಕ್ಷಣದಲ್ಲಿ ಯಾರ ಜಾಹೀರಾತು ಮೇಲೆ ಬರಬೇಕು ಅಂತ ಹರಾಜು ನಡೆದು ಮುಗಿದಿರುತ್ತದೆ. ಎಷ್ಟಕ್ಕೆ ಕೂಗಿದೆವು ಅಂತ ನಮಗೆ ಗೊತ್ತು, ಪಕ್ಕದವರು ಎಷ್ಟು ಕೂಗಿದರು, ಕೊನೆಯ ಲೆಕ್ಕ ಹೇಗೆ ಮಾಡಿದರು ಅಂತ ಗೊತ್ತಿಲ್ಲ. ಅಮೆರಿಕ ಸರ್ಕಾರ 2020ರಲ್ಲಿ ಗೂಗಲ್ ಮೇಲೆ ಹಾಕಿದ ಕೇಸಿನ ವಿಚಾರಣೆ 2023ರಲ್ಲಿ ನಡೆಯಿತು. ಹರಾಜಿನ ಲೆಕ್ಕ ಬದಲಿಸಿ ದರ ಏರಿಸುವುದುಂಟು, ಅದನ್ನು ಜಾಹೀರಾತು ಕೊಡುವವರಿಗೆ ಸಾಮಾನ್ಯವಾಗಿ ಹೇಳುವುದಿಲ್ಲ ಅಂತ ಕಂಪನಿಯ ಜಾಹೀರಾತು ವಿಭಾಗದ ಅಧಿಕಾರಿಯೇ ಅಲ್ಲಿ ಒಪ್ಪಿಕೊಂಡರು. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಗೂಗಲ್ ಏಕಸ್ವಾಮ್ಯ ಹೊಂದಿದೆ, ಅದನ್ನು ಉಳಿಸಿಕೊಳ್ಳಲು ಕಾನೂನು ಮೀರಿದೆ ಅಂತ ತೀರ್ಪು ಕೊಟ್ಟರು. ಫೋನು, ಬ್ರೌಸರ್‌ಗಳಲ್ಲಿ ತನ್ನ ಹುಡುಕಾಟವೇ ಮೊದಲು ಬರಲಿ ಅಂತ ಗೂಗಲ್ 2021ರ ಒಂದೇ ವರ್ಷದಲ್ಲಿ 2,630 ಕೋಟಿ ಡಾಲರ್ ಕೊಟ್ಟಿತ್ತು ಅನ್ನುವುದು ಆ ಕೇಸಿನಲ್ಲೇ ಹೊರಗೆ ಬಂತು. ನಮ್ಮದೇ ಅಷ್ಟು ಒಳ್ಳೆಯದು, ಜನ ತಾವಾಗಿ ಬರುತ್ತಾರೆ ಅನ್ನುವವರು ಬಾಗಿಲಿಗೆ ಇಷ್ಟು ದುಡ್ಡು ಯಾಕೆ ಸುರಿಯುತ್ತಾರೆ, ಅಲ್ವಾ?

2025ರ ಏಪ್ರಿಲ್‌ನಲ್ಲಿ ಇನ್ನೊಂದು ಅಮೆರಿಕನ್ ಕೋರ್ಟ್ ಕೊಟ್ಟ ತೀರ್ಪು ಇದಕ್ಕಿಂತ ಸ್ವಾರಸ್ಯವಾಗಿದೆ. ವೆಬ್‌ಸೈಟ್‌ಗಳು ಜಾಹೀರಾತಿನ ಜಾಗ ಮಾರಲು ಬಳಸುವ ಸಾಧನ ಗೂಗಲ್‌ನದು. ಹರಾಜು ನಡೆಯುವ ಕಟ್ಟೆಯೂ ಗೂಗಲ್‌ನದು. ಈ ಎರಡರಲ್ಲೂ ಅದು ಅಕ್ರಮವಾಗಿ ಏಕಸ್ವಾಮ್ಯ ಸಾಧಿಸಿದೆ ಅಂತ ಕೋರ್ಟ್ ಹೇಳಿತು. ಜಾಗ ಕೊಳ್ಳುವವರ ಕೈಯಲ್ಲಿರುವ ಸಾಧನವೂ ಬಹುಪಾಲು ಅದರದ್ದೇ. ಮಾವನವರಿಗೆ ಇದನ್ನು ವಿವರಿಸಿದಾಗ ಅವರು ನಂಬಲಿಲ್ಲ. “ಮಾರುವವನ ಏಜೆಂಟನೂ ಅವನೇ, ಕೊಳ್ಳುವವನ ಏಜೆಂಟನೂ ಅವನೇ, ಕೂಗುವವನೂ ಅವನೇನಾ? ಅಂಥ ಹರಾಜಿಗೆ ಯಾವ ದಡ್ಡ ಹೋಗ್ತಾನೆ?” ಅಂದರು. ನಾವೆಲ್ಲ ಹೋಗಿದ್ದೇವೆ ಮಾವ, ಬೇರೆ ಹರಾಜು ಇಲ್ಲ ಅಂದೆ.

ಇನ್ನು ಒಳಗಿನ ಅಂಗಡಿ. ನಮ್ಮ ಕಡೆ ಜೇನು, ಕಾಚಂಪುಳಿ, ಮನೆಯಲ್ಲೇ ಹುರಿದ ಕಾಫಿ ಪುಡಿಯನ್ನು ಆನ್‌ಲೈನ್‌ನಲ್ಲಿ ಮಾರುವ ಹೆಣ್ಣುಮಕ್ಕಳು ಈಗ ಸಾಕಷ್ಟು ಇದ್ದಾರೆ. ಯಾವುದು ಯಾವ ತಿಂಗಳಲ್ಲಿ ಎಷ್ಟು ಹೋಗುತ್ತದೆ, ಯಾವ ಊರಿಗೆ ಹೋಗುತ್ತದೆ, ಯಾವ ಬೆಲೆಗೆ ಗಿರಾಕಿ ಹಿಂದೆ ಸರಿಯುತ್ತಾನೆ ಅನ್ನುವುದೆಲ್ಲ ಅವರಿಗಿಂತ ಮೊದಲು ಆ ತಾಣಕ್ಕೆ ಗೊತ್ತಾಗುತ್ತದೆ. ಯುರೋಪಿನಲ್ಲಿ ಅಮೆಜಾನ್ ಮೇಲೆ ಬಂದ ದೂರು ಇದೇ. ಬೇರೆ ಮಾರಾಟಗಾರರ ಗುಟ್ಟಿನ ಲೆಕ್ಕಗಳನ್ನು ತನ್ನ ಸ್ವಂತ ವ್ಯಾಪಾರಕ್ಕೆ ಬಳಸುತ್ತಿದೆ ಅನ್ನುವ ಆರೋಪ. 2022ರ ಡಿಸೆಂಬರ್‌ನಲ್ಲಿ ಅಮೆಜಾನ್ ಇನ್ನು ಹಾಗೆ ಬಳಸುವುದಿಲ್ಲ ಅಂತ ಯುರೋಪಿಯನ್ ಕಮಿಷನ್‌ಗೆ ಮಾತು ಕೊಟ್ಟು ಆ ತನಿಖೆಯನ್ನು ಮುಗಿಸಿಕೊಂಡಿತು. ಆ ಮಾತು ಕೊಟ್ಟಿದ್ದು ಯುರೋಪಿಗೆ. (ಇದರ ಜೊತೆಗೆ ‘ಕೂರ್ಗ್’ ಅಂತ ಚೀಟಿ ಅಂಟಿಸಿದ ಎಲ್ಲಿಯದೋ ಕಾಫಿ ಪುಡಿಯೂ ಆನ್‌ಲೈನ್‌ನಲ್ಲಿ ಆರಾಮಾಗಿ ಮಾರಾಟವಾಗುತ್ತದೆ. 2019ರಲ್ಲಿ ಕೂರ್ಗ್ ಅರೇಬಿಕಾಕ್ಕೆ ಭೌಗೋಳಿಕ ಸೂಚಕ, ಅಂದರೆ ಆ ಹೆಸರು ಇಲ್ಲಿಯ ಕಾಫಿಗೇ ಮೀಸಲು ಅನ್ನುವ ಮಾನ್ಯತೆ ಸಿಕ್ಕಿದೆ. ಅದನ್ನು ನೋಡಿಕೊಂಡು ಪಟ್ಟಿಗೆ ಸೇರಿಸುವವರು ಯಾರು? ಅದು ಬೇರೆಯೇ ಒಂದು ಬರಹ ಆಗುತ್ತದೆ, ಬಿಡಿ.)

ಇಷ್ಟೆಲ್ಲ ಗೊತ್ತಿದ್ದೂ ಬಿಟ್ಟು ಬರಬಹುದಲ್ಲ ಅಂತ ಕೇಳುವವರು ಕೊಡಗಿನ ಒಂದು ವಾಟ್ಸಾಪ್ ಗುಂಪಿನಲ್ಲಿ ಒಂದು ದಿನ ಇರಬೇಕು. ಬೆಳಿಗ್ಗೆ ಕಾಫಿ, ಮೆಣಸಿನ ರೇಟು. ಆಮೇಲೆ ಯಾರ ತೋಟದಲ್ಲಿ ಎಷ್ಟು ಇಂಚು, ಎಷ್ಟು ಸೆಂಟ್ ಮಳೆ. ಮಾರ್ಚ್‌ನ ಹೂಮಳೆಯ ಸಮಯದಲ್ಲಂತೂ ಬೇರೆ ಮಾತೇ ಇಲ್ಲ. ಆನೆ ಯಾವ ಕೆಲಸಗಾರರ ಲೈನ್‌ಮನೆ ಹತ್ತಿರ ಬಂದಿದೆ, ಕರೆಂಟ್ ಯಾವಾಗ ಬರುತ್ತದೆ, ಯಾರ ಮನೆಯಲ್ಲಿ ಸಾವು, ಎಲ್ಲವೂ ಅಲ್ಲೇ. 2021ರಲ್ಲಿ ವಾಟ್ಸಾಪ್ ಬಳಸುವವರ ಮಾಹಿತಿಯ ಬಗ್ಗೆ ಹೊಸ ನೀತಿ ತಂದು ಒಪ್ಪಿಕೊಳ್ಳಿ ಅಂದಾಗ ಬಿಡುತ್ತೇನೆ ಅಂತ ಹಾರಾಡಿದವರಲ್ಲಿ ನಮ್ಮ ಯಜಮಾನರೂ ಒಬ್ಬರು. ಬೇರೆ ಆ್ಯಪ್ ಹಾಕಿಕೊಂಡರು. ಅಲ್ಲಿ ಮಳೆ ಲೆಕ್ಕ ಹೇಳುವವರು ಯಾರೂ ಇರಲಿಲ್ಲ. ವಾಪಸ್ ಬಂದರು. ಒಪ್ಪಿಕೋ ಇಲ್ಲವೇ ಹೋಗು ಅನ್ನುವ ಆ ನೀತಿಗಾಗಿ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ವಾಟ್ಸಾಪ್‌ನ ಒಡೆಯ ಕಂಪನಿ ಮೆಟಾ ಮೇಲೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಆ ಹೊತ್ತಿಗೆ ನಾವೆಲ್ಲ ಒಪ್ಪಿಕೊಂಡು ಮೂರು ವರ್ಷ ದಾಟಿತ್ತು.

ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಕಳೆದ ಹುತ್ತರಿಗೆ ಬಂದಾಗ ಇದೇ ವಿಷಯಕ್ಕೆ ನಮ್ಮಿಬ್ಬರಿಗೆ ಜೋರು ವಾದ ಆಯಿತು. “ಚಿಕ್ಕಮ್ಮ, ನಿಮಗೆ ಮ್ಯಾಪ್ ಪುಕ್ಕಟೆ, ವಾಟ್ಸಾಪ್ ಪುಕ್ಕಟೆ, ಮೇಲ್ ಪುಕ್ಕಟೆ. ಅವರು ಎಲ್ಲಿಂದ ದುಡ್ಡು ಮಾಡಬೇಕು? ಕಾಫಿ ಬೋರ್ಡ್ ನಿಮ್ಮ ಕಾಫಿಯನ್ನೇ ತಗೊಂಡು ಹೋಗ್ತಿತ್ತು, ಇವರು ಗಿರಾಕಿಯನ್ನು ಮನೆ ಬಾಗಿಲಿಗೆ ತಂದು ಬಿಡ್ತಾರೆ” ಅಂದಳು. ಮಾತು ಸುಳ್ಳಲ್ಲ. ದುಡ್ಡು ಮಾಡಬೇಡಿ ಅಂತ ನಾನೂ ಹೇಳುವುದಿಲ್ಲ. ಕಮಿಷನ್ ಎಷ್ಟು ಅಂತ ಮೊದಲೇ ಹೇಳಿ ತಗೊಂಡರೆ ನಾನು ಕೊಡುತ್ತೇನೆ, ಆ ಲೆಕ್ಕ ನನ್ನ ರೂಮಿನ ಬೆಲೆಯಲ್ಲಿ ಸೇರಿರುತ್ತದೆ. ಆದರೆ ಅವಳು ಇನ್ನೊಂದು ಮಾತು ಹೇಳಿದಳು. ದೊಡ್ಡ ಕಂಪನಿಗೆ ಅಂತ ಮಾಡಿದ ಕಟ್ಟುನಿಟ್ಟು ಕಾನೂನು ಕೊನೆಗೆ ಸಣ್ಣ ಕಂಪನಿಗಳ ಕುತ್ತಿಗೆಗೇ ಬರುತ್ತದೆ, ಯಾಕೆಂದರೆ ದೊಡ್ಡವರಿಗೆ ವಕೀಲರು ಇರುತ್ತಾರೆ ಅಂತ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಹಾಳೆ ತುಂಬಿಸಿ, ಸೀಲ್ ಹಾಕಿಸಿ, ಹೋಮ್‌ಸ್ಟೇ ನೋಂದಣಿಗೆ ಓಡಾಡಿದ ನನಗೆ ಅವಳು ಹೇಳಿದ್ದು ಅರ್ಥವಾಗುತ್ತದೆ.

ಆದರೂ ದಂಡ ಹಾಕುವ ಈಗಿನ ದಾರಿ ಕೆಲಸಕ್ಕೆ ಬರುವುದಿಲ್ಲ ಅನ್ನುವುದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ತನ್ನ ಆ್ಯಪ್‌ಗಳನ್ನೇ ತುಂಬಿಸಿದ್ದಕ್ಕೆ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬಂದಿತ್ತು. ಆ ವರ್ಷ ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ನ ಒಟ್ಟು ಆದಾಯ 28,000 ಕೋಟಿ ಡಾಲರ್‌ಗಿಂತ ಜಾಸ್ತಿ. ಭಾಗಿಸಿ ನೋಡಿದರೆ ಆ ದಂಡ ಅವರ ಸುಮಾರು ಐದು ಗಂಟೆಯ ಆದಾಯ. ಬೆಳಿಗ್ಗೆ ತಿಂಡಿ ತಿಂದು ಕೂತರೆ ಊಟದ ಹೊತ್ತಿಗೆ ತೀರಿತು. ಅದಕ್ಕೂ ಮೇಲ್ಮನವಿ. ಅದೇ ತಿಂಗಳು ಪ್ಲೇ ಸ್ಟೋರ್ ವಿಷಯಕ್ಕೆ ಹಾಕಿದ್ದ 936.44 ಕೋಟಿಯನ್ನು 2025ರಲ್ಲಿ ಮೇಲ್ಮನವಿ ನ್ಯಾಯಮಂಡಳಿ 216.69 ಕೋಟಿಗೆ ಇಳಿಸಿತು. ಅಮೆರಿಕದ ಹುಡುಕಾಟದ ಕೇಸಿನಲ್ಲೂ ಐದು ವರ್ಷ ಓಡಾಡಿ 2025ರ ಸೆಪ್ಟೆಂಬರ್‌ನಲ್ಲಿ ಬಂದ ಆದೇಶದ ಪ್ರಕಾರ ಗೂಗಲ್ ತನ್ನ ಕ್ರೋಮ್ ಬ್ರೌಸರ್ ಮಾರಬೇಕಾಗಿಲ್ಲ, ಮೊದಲ ಜಾಗಕ್ಕೆ ದುಡ್ಡು ಕೊಡುವುದನ್ನೂ ನಿಲ್ಲಿಸಬೇಕಾಗಿಲ್ಲ. ಬೇರೆಯವರನ್ನು ಪೂರ್ತಿ ಹೊರಗಿಡುವ ಒಪ್ಪಂದ ಮಾಡಬಾರದು, ಕೆಲವು ಮಾಹಿತಿ ಹಂಚಿಕೊಳ್ಳಬೇಕು, ಅಷ್ಟೇ.

ಬಾಗಿಲು ಏಳುವ ಮೊದಲೇ ತಡೆದ ಉದಾಹರಣೆ ನಮ್ಮಲ್ಲೇ ಇದೆ. ಫೇಸ್‌ಬುಕ್ 2015ರಲ್ಲಿ ‘ಫ್ರೀ ಬೇಸಿಕ್ಸ್’ ಅಂತ ತಂದಿತ್ತು. ಬಡವರಿಗೆ ಪುಕ್ಕಟೆ ಇಂಟರ್‌ನೆಟ್ ಅಂತ ಪುಟಗಟ್ಟಲೆ ಜಾಹೀರಾತು. ಸಿಗುತ್ತಿದ್ದದ್ದು ಅದರ ತಾಣದಲ್ಲಿ ಸೇರಿದ ಕೆಲವೇ ಕೆಲವು ಸೇವೆಗಳು. ಕೊಡಗಿನಂಥ ಕಡೆ ಅದು ಹಬ್ಬುತ್ತಿದ್ದರೆ ನಮ್ಮ ಎಷ್ಟೋ ಮನೆಗಳಿಗೆ ಇಂಟರ್‌ನೆಟ್ ಅಂದರೆ ಅದೇ ಆಗಿಬಿಡುತ್ತಿತ್ತು. 2016ರ ಫೆಬ್ರವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಒಂದು ತಾಣಕ್ಕೆ ಒಂದು ದರ, ಇನ್ನೊಂದಕ್ಕೆ ಇನ್ನೊಂದು ಅನ್ನುವ ಅಂಥ ತಾರತಮ್ಯವೇ ಕೂಡದು ಅಂತ ನಿಯಮ ಮಾಡಿತು. ಫ್ರೀ ಬೇಸಿಕ್ಸ್ ಇಲ್ಲಿಂದ ಹೊರಟಿತು. ಆಮೇಲೆ ಡೇಟಾ ಅಗ್ಗವಾಗಿ ಬೇರೆ ದಾರಿಯಲ್ಲೇ ಬಂತು. ನೆಟ್‌ವರ್ಕ್ ಮಾತ್ರ ಬರಲಿಲ್ಲ. 2020ರಲ್ಲಿ ಸೋಮವಾರಪೇಟೆ ತಾಲ್ಲೂಕಿನ ಒಬ್ಬರು ಮೇಷ್ಟ್ರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಪಾಠ ಮಾಡಿದ್ದು ನಿಮಗೆ ನೆನಪಿರಬಹುದು.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಹೊರಗೆ ಬಿಟ್ಟಿತ್ತು. ದೊಡ್ಡ ತಾಣಗಳನ್ನು ಮೊದಲೇ ಗುರುತಿಸಿ, ತನ್ನ ಸರಕನ್ನೇ ಮೇಲೆ ತೋರಿಸಬಾರದು, ಬಳಸುವವರ ಮಾಹಿತಿಯನ್ನು ಅವರ ವಿರುದ್ಧ ಬಳಸಬಾರದು ಅಂತ ಹೇಳುವ ಕರಡು. ಯುರೋಪಿನಲ್ಲಿ ಇಂಥ ಕಾಯ್ದೆ ಅದೇ ತಿಂಗಳಲ್ಲಿ ಪೂರ್ತಿ ಜಾರಿಗೆ ಬಂತು. ನಮ್ಮದು ಕರಡಾಗಿಯೇ ಉಳಿದಿದೆ. ಸರ್ಕಾರದ ಧೈರ್ಯದ ಬಗ್ಗೆ ನನಗೆ ದೊಡ್ಡ ನಂಬಿಕೆ ಇಲ್ಲ. ಯುಪಿಐಯಲ್ಲಿ ಯಾವ ಆ್ಯಪ್‌ಗೂ 30 ಶೇಕಡಕ್ಕಿಂತ ಜಾಸ್ತಿ ಪಾಲು ಇರಬಾರದು ಅಂತ 2020ರಲ್ಲಿ ಯುಪಿಐ ನಡೆಸುವ ಎನ್‌ಪಿಸಿಐ ಹೇಳಿದ್ದನ್ನು ಮುಂದೂಡುತ್ತಾ ಮುಂದೂಡುತ್ತಾ 2026ರ ಕೊನೆಗೆ ತಂದಿದ್ದಾರೆ. ಫೋನ್‌ಪೇ, ಗೂಗಲ್ ಪೇ ಎರಡೇ ಸೇರಿ ಬಹುಪಾಲು ವ್ಯವಹಾರ ಮಾಡುತ್ತಿವೆ.

ನನ್ನನ್ನು ಕೇಳಿದರೆ ಅಂಥ ಕಾಯ್ದೆಯಲ್ಲಿ ಮೊದಲು ಇರಬೇಕಾದದ್ದು ದೊಡ್ಡ ದೊಡ್ಡ ಮಾತಲ್ಲ. ನನ್ನ ಹೆಸರನ್ನು ಪಟ್ಟಿಯಲ್ಲಿ ಕೆಳಗಿಳಿಸಿದರೆ ಕಾರಣ ಹೇಳಬೇಕು. ನನ್ನ ಪಾಲಿನಿಂದ ರಿಯಾಯಿತಿ ಕೊಡುವ ಮೊದಲು ನನ್ನ ಒಪ್ಪಿಗೆ ಕೇಳಬೇಕು. ನನ್ನ ರೂಮನ್ನು ನನಗೆ ಬೇಕಾದ ಬೆಲೆಗೆ ನೇರವಾಗಿ ಕೊಡಲು ಬಿಡಬೇಕು. ತಕರಾರು ಬಂದರೆ ಕನ್ನಡದಲ್ಲಿ ಮಾತಾಡುವ ಒಬ್ಬ ಮನುಷ್ಯ ಇಷ್ಟು ದಿನದೊಳಗೆ ಉತ್ತರ ಕೊಡಬೇಕು. ಮಾವನವರ ಸೇರ್ಪಡೆ: ಆ ಮನುಷ್ಯನ ಆಫೀಸಿನ ವಿಳಾಸ ಬಿಲ್ಲಿನ ಮೇಲೆ ಇರಬೇಕು.

ಅಲ್ಲಿಯವರೆಗೆ ನಮ್ಮ ಕೈಲಾದದ್ದನ್ನು ಮಾಡುತ್ತಿದ್ದೇವೆ. ಹೊರಡುವಾಗ ಅತಿಥಿಗಳಿಗೆ ನಮ್ಮ ಫೋನ್ ನಂಬರ್ ಬರೆದ ಚೀಟಿಯ ಜೊತೆ ಒಂದು ಪೊಟ್ಟಣ ಕರಿಮೆಣಸು ಕೊಡುತ್ತೇನೆ. ಮುಂದಿನ ಸಲ ನೇರವಾಗಿ ಫೋನ್ ಮಾಡಿ, ಕಮಿಷನ್‌ನ ದುಡ್ಡನ್ನು ನಿಮಗೇ ಬಿಡುತ್ತೇನೆ ಅನ್ನುತ್ತೇನೆ. ಕೆಲವರು ಹಾಗೆ ಬರುತ್ತಾರೆ, ಈಗ ಅವರ ಮಕ್ಕಳ ಹೆಸರೂ ಗೊತ್ತು. ಎಲ್ಲರೂ ಹಾಗಲ್ಲ. ಹೋದ ಕ್ರಿಸ್‌ಮಸ್ ರಜೆಗೆ ಮೊದಲು ಹಳೆಯ ಅತಿಥಿಯೊಬ್ಬರು ಫೋನ್ ಮಾಡಿ ತುಂಬಾ ಹೊತ್ತು ಮಾತಾಡಿದರು. ರೂಮು ಖಾಲಿ ಇದೆಯಾ, ಪಂದಿಕರಿ ಮಾಡುತ್ತೀರಾ, ರಾತ್ರಿ ಚಳಿ ಎಷ್ಟಿದೆ, ಎಲ್ಲ ಕೇಳಿದರು. ಇಟ್ಟುಬಿಡಿ, ಬರುತ್ತೇವೆ ಅಂದರು. ಹತ್ತು ನಿಮಿಷದಲ್ಲಿ ಅದೇ ದಿನಕ್ಕೆ ಅವರದೇ ಹೆಸರಿನಲ್ಲಿ ಆ್ಯಪ್‌ನಿಂದ ಬುಕಿಂಗ್ ಬಂತು. ಯಾಕೆ ಸರ್ ಅಂತ ಕೇಳಿದರೆ, ಕೂಪನ್ ಇತ್ತು ಮೇಡಂ, ಸುಮ್ನೆ ಯಾಕೆ ಬಿಡೋದು ಅಂದರು. ಆ ಕೂಪನ್‌ನ ಅರ್ಧ ದುಡ್ಡು ನನ್ನ ಲೆಕ್ಕದಿಂದ ಕಟ್ ಆಗಿತ್ತು.